ದಾಸವಾಳಕ್ಕೆ ಐದೇ ಎಸಳು

ಶಾಲೆಯ ಚಿತ್ರಕಲೆಗೆ ಡಿಜಿಟಲ್ ತಂತ್ರಜ್ಞಾನ ಎಂಬ ವಿಷಯ ಹಿಡಿದು ಎಂ.ಎಡ್. ಪ್ರಬಂಧವನ್ನೋ ಪಿಎಚ್.ಡಿ.ಯನ್ನೋ ಬರೆಯುವವರು ಎರಡನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮೂರು ವೃತ್ತಗಳ ಚಿತ್ರವೊಂದನ್ನು ತಂದು ನಿಲ್ಲಿಸುತ್ತಾರೆ. ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ. ಮೂರೂ ಕೂಡುವ ನಡುಭಾಗವೇ ‘ಟಿಪ್ಯಾಕ್’. ಮೊದಲೆರಡರ ಕೂಡಿಕೆಯ ಬಗ್ಗೆ ಲೀ ಶುಲ್ಮನ್ 1986ರಲ್ಲಿ ಹೇಳಿದ್ದಕ್ಕೆ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ತಂತ್ರಜ್ಞಾನವನ್ನು ಸೇರಿಸಿದ ಕಥೆ ಓದುಗರಿಗೆ ಗೊತ್ತಿರುವುದೇ. ಕಲಾಶಿಕ್ಷಣದಲ್ಲಿ ಈ ಚೌಕಟ್ಟಿಗೆ ಸಿಕ್ಕಿರುವ ಮರ್ಯಾದೆ ಅದು ಇಲ್ಲಿ ಮಾಡಿರುವ ಕೆಲಸಕ್ಕಿಂತ ಬಹಳ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಕರಾರು ಮೂಲಕರ್ತರ ಮೇಲಲ್ಲ. ಮಿಶ್ರಾ ಸ್ವತಃ ಐಐಟಿ ಬಾಂಬೆಯ ಐಡಿಸಿಯಲ್ಲಿ ದೃಶ್ಯವಿನ್ಯಾಸ ಓದಿದವರು. 2006ರ ಆ ಲೇಖನದಲ್ಲಿ ಸ್ನಾತಕೋತ್ತರ ತರಗತಿಯ ಶಿಕ್ಷಕರು ಕಿರುಚಿತ್ರ ತೆಗೆಯುತ್ತಾರೆ, ವೆಬ್‌ಸೈಟ್ ಮರುವಿನ್ಯಾಸ ಮಾಡುತ್ತಾರೆ. ಮಾಡುತ್ತ ಕಲಿಯುವುದೇ ಅದರ ಜೀವ. ನಮ್ಮಲ್ಲಿಗೆ ಬರುವಾಗ ಆ ಜೀವ ಸೋರಿಹೋಗಿ ಪ್ರಶ್ನಾವಳಿ ಮಾತ್ರ ಉಳಿಯಿತು. ಡೆನಿಸ್ ಶ್ಮಿಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಶ್ನಾವಳಿ ಕೇಳುವುದು ಗಣಿತ, ಸಮಾಜ, ವಿಜ್ಞಾನ, ಭಾಷಾಸಾಕ್ಷರತೆ ಎಂಬ ನಾಲ್ಕು ವಿಷಯಗಳನ್ನು. ಅದರಲ್ಲಿ ಚಿತ್ರಕಲೆ ಇಲ್ಲ. ಗಣಿತ ಇದ್ದ ಜಾಗದಲ್ಲಿ ಚಿತ್ರಕಲೆ ಎಂದು ಬರೆದು, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ ಟಿಕ್ ಹಾಕಿಸಿ, ಟಿ-ಟೆಸ್ಟ್ ನಡೆಸಿದರೆ ಕಲೆಯ ವೃತ್ತ ತುಂಬಿತೇ? ಅಂಥ ಪ್ರಬಂಧವನ್ನು ಎಷ್ಟು ತಿರುವಿದರೂ ಒಂದು ಮಗುವಿನ ಒಂದು ಚಿತ್ರ ಕಣ್ಣಿಗೆ ಬೀಳುವುದಿಲ್ಲ.

ಕಲೆಗೂ ತಂತ್ರಜ್ಞಾನಕ್ಕೂ ನಡುವಿನ ಬಿರುಕನ್ನು ಪಠ್ಯಕ್ರಮವೇ ಗಟ್ಟಿಮಾಡಿಟ್ಟಿದೆ. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ 2014ರಲ್ಲಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿದಾಗ ‘ನಾಟಕ ಮತ್ತು ಕಲೆ’ ಒಂದು ಪತ್ರಿಕೆಯಾಯಿತು, ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’ ಇನ್ನೊಂದು. ನಾಗಪುರವಾಗಲಿ ಧಾರವಾಡವಾಗಲಿ, ಅದಕ್ಕೊಂದು ಫೈಲು, ಇದಕ್ಕೊಂದು ಫೈಲು. ಇತ್ತ ಮಹಾರಾಷ್ಟ್ರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗುವವರ ದಾರಿಯೇ ಬೇರೆ. ಅವರು ಎಟಿಡಿ ಎಂಬ ಡಿಪ್ಲೊಮಾ ಮಾಡಿ ಬರುತ್ತಾರೆ. ಸಂಶೋಧನೆ ಮಾಡುವವರಿಗೆ ಬ್ರಶ್ಶು ಗೊತ್ತಿಲ್ಲ, ಬ್ರಶ್ಶು ಗೊತ್ತಿರುವವರನ್ನು ಸಂಶೋಧನೆಗೆ ಕರೆಯುವುದಿಲ್ಲ.

ನಾಗಪುರದ ಸದರ್‌ನಲ್ಲಿ, ರೆಸಿಡೆನ್ಸಿ ರಸ್ತೆಗೆ ದೂರವಲ್ಲದ ಶಾಲೆಯೊಂದರಲ್ಲಿ, ತರಬೇತಿಗೆ ಬಂದ ಅಭ್ಯರ್ಥಿಯೊಬ್ಬರ ಪಾಠ ನೋಡಿದೆ. ಸ್ಮಾರ್ಟ್‌ಬೋರ್ಡ್ ಮೇಲೆ ಸಮ್ಮಿತಿಯ ಬ್ರಶ್ಶು. ಒಂದು ಗೆರೆ ಎಳೆದರೆ ಎಂಟು ಕಡೆ ಗೆರೆ ಮೂಡಿ ಮೂರೇ ಸೆಕೆಂಡಿನಲ್ಲಿ ಹೂವಾಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ವೀಕ್ಷಣೆಗೆ ಬಂದವರು ‘ಸೃಜನಶೀಲತೆ’ ಎಂಬ ಕಲಮಿನಲ್ಲಿ ಪೂರ್ತಿ ಅಂಕ ಕೊಟ್ಟರು. ಎಂಟೇ ಏಕೆ ಎಂದು ಯಾರೂ ಕೇಳಲಿಲ್ಲ. ತಂತ್ರಾಂಶ ಎಂಟು ಎಂದಿತ್ತು, ಅಷ್ಟೆ.

ಇದೇ ಹೂವನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿಸಿ ನೋಡಬೇಕು. ಒಂದು ಎಸಳು ಬರೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನಡುವೆ ಕೂಡುಗುರುತಿನಂಥ ತಿರುಗುಬಿಂದು ಕಾಣುತ್ತದೆ. ಅದನ್ನು ಎಸಳಿನ ಬುಡಕ್ಕೆ ಎಳೆ. ನಕಲು ಮಾಡು, ಕಂಟ್ರೋಲ್ ಕೀಲಿ ಒತ್ತಿ ತಿರುಗಿಸು. ಎಂಟೆಸಳಿಗೆ 45 ಡಿಗ್ರಿ, ಹನ್ನೆರಡಕ್ಕೆ 30, ಸಲೀಸು. ಈಗ ದಾಸವಾಳ ಬರೆಯಲು ಹೇಳಿ. ಕಂಟ್ರೋಲ್ ಕೀಲಿ ಒತ್ತಿದಾಗ ಎಸಳು ತಿರುಗುವುದು 15 ಡಿಗ್ರಿಯ ಹೆಜ್ಜೆಯಲ್ಲಿ. 60ಕ್ಕೆ ನಿಲ್ಲಿಸಿದರೆ ಆರನೆಯ ಎಸಳಿನ ಜಾಗ ಖಾಲಿ ಉಳಿಯುತ್ತದೆ. 75ಕ್ಕೆ ನಿಲ್ಲಿಸಿದರೆ ಕೊನೆಯ ಎಸಳು ಮೊದಲನೆಯದಕ್ಕೆ ಒತ್ತರಿಸಿಕೊಳ್ಳುತ್ತದೆ. ಹೂವು ಸೊಟ್ಟಗಾಯಿತೆಂದು ಮಗು ಮೊದಲು ಕಣ್ಣಿನಿಂದಲೇ ಹಿಡಿಯುತ್ತದೆ, 360ನ್ನು 5ರಿಂದ ಭಾಗಿಸುವುದು ಆಮೇಲೆ. 72 ಎಂದು ಕೈಯಾರೆ ಟೈಪಿಸಿದ ಮೇಲೆ ಹೂವು ಕೂಡುತ್ತದೆ.

ಆದರೂ ಅದು ದಾಸವಾಳವಾಗುವುದಿಲ್ಲ. ನಿಜವಾದ ಹೂವನ್ನು ಮೇಜಿನ ಮೇಲಿಟ್ಟು ನೋಡಿದರೆ, ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲಿದೆ, ಇನ್ನೊಂದು ಅಂಚು ಆಚೆಯದರ ಕೆಳಗಿದೆ. ಐದೂ ಹೀಗೇ, ಸುತ್ತಲೂ. ಪರದೆಯಲ್ಲಿ ಕೊನೆಗಿಟ್ಟ ಎಸಳು ಎರಡೂ ಕಡೆ ಮೇಲೆ ಕೂರುತ್ತದೆ, ಮೊದಲನೆಯದು ಎರಡೂ ಕಡೆ ಅಡಿಗೆ ಬೀಳುತ್ತದೆ. ಪದರದ ಮೇಲೆ ಪದರ ಇಡುವ ಯಂತ್ರಕ್ಕೆ ಈ ಸುತ್ತು ತಾನಾಗಿ ಬಾರದು. ಒಂದು ಎಸಳನ್ನು ಕತ್ತರಿಸಿ ಜೋಡಿಸಬೇಕು. ಪೆನ್ಸಿಲ್ ಹಿಡಿದು ಬರೆದ ಮಗು ಈ ಸುತ್ತನ್ನು ಗಮನಿಸದೆಯೇ ಮುಗಿಸಿಬಿಡಬಹುದು. ಯಂತ್ರ ಸೋತಾಗ ಮಾತ್ರ ಮಗು ಮತ್ತೆ ಹೂವಿನ ಕಡೆ ತಿರುಗಿ ನೋಡುತ್ತದೆ. ಆ ಮೂರು ವೃತ್ತಗಳು ಕೂಡುವ ಜಾಗ ಎಂಬುದೊಂದಿದ್ದರೆ ನನಗದು ಕಂಡದ್ದು ಇಲ್ಲಿ.

ಈ ದಾರಿಯಲ್ಲಿ ನಮ್ಮವರು ಬಹಳ ಹಿಂದೆಯೇ ನಡೆದಿದ್ದರು. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ರಂಗೋಲಿಗೆ ವ್ಯಾಕರಣ ಬರೆದು, ಹೊಸ್ತಿಲ ಮುಂದಿನ ವಿನ್ಯಾಸವನ್ನು ಗಣಕವಿಜ್ಞಾನದ ಪ್ರಶ್ನೆಯಾಗಿಸಿದರು. ಏಳರಿಂದ ನಾಲ್ಕು, ಮಧ್ಯಚುಕ್ಕಿ ಎಂದರೆ ನಮ್ಮ ಅಜ್ಜಿಯರು 37 ಚುಕ್ಕಿಯನ್ನು ಲೆಕ್ಕ ತಪ್ಪದೆ ಇಡುತ್ತಿದ್ದರು. ಆ ಲೆಕ್ಕವನ್ನು ಶಾಸ್ತ್ರವೆಂದು ಗೌರವಿಸಿದವರು ಈ ಮೂವರು. ಮಕ್ಕಳು ಮತ್ತು ಗಣಕದ ಕುರಿತು ಸೀಮರ್ ಪ್ಯಾಪರ್ಟ್ ‘ಮೈಂಡ್‌ಸ್ಟಾರ್ಮ್ಸ್’ ಬರೆದದ್ದೇ ಅದಾದ ಮೇಲೆ, 1980ರಲ್ಲಿ. ಚಿತ್ರಕಲೆ ಮತ್ತು ಐಸಿಟಿಯ ಗ್ರಂಥಸೂಚಿಗಳಲ್ಲಿ ಸಿರೊಮನಿ ಹೆಸರು ಇಲ್ಲದಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು, ಪರದೆ ಬಂದರೆ ಕೈ ಸಾಯುತ್ತದೆ ಎನ್ನುವ ಹಿರಿಯ ವಿಮರ್ಶಕರ ಬಳಗ. ಕಾಗದದ ಮೇಲೆ ಹರಿದ ಜಲವರ್ಣವನ್ನು ಹಿಂತೆಗೆಯಲಾಗದು, ಆ ಜವಾಬ್ದಾರಿಯನ್ನು ಪರದೆ ಕಲಿಸದು ಎಂಬ ಅವರ ಮಾತು ಒಪ್ಪತಕ್ಕದ್ದೇ. ಆದರೆ ಅವರು ಕಾಪಾಡಬೇಕೆನ್ನುವ ಆ ಕೈ ಏನು ಮಾಡುತ್ತಿತ್ತು? ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳ ತಯಾರಿ ನೋಡಿ. ಕರ್ನಾಟಕದ ಲೋಯರ್, ಹೈಯರ್ ಗ್ರೇಡ್ ಬೇರೆಯಲ್ಲ. ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ, ಜ್ಯಾಮಿತಿ. ಸ್ಮರಣಚಿತ್ರಕ್ಕೆ ಜಾತ್ರೆಯೋ ಮಳೆಗಾಲವೋ ಮೊದಲೇ ಬಾಯಿಪಾಠ: ಎಡಕ್ಕೆ ಮರ, ಬಲಕ್ಕೆ ಛತ್ರಿ ಹಿಡಿದವಳು. ಇಂಟರ್‌ಮೀಡಿಯೆಟ್ ಪಾಸಾದರೆ ಹತ್ತನೇ ತರಗತಿಗೆ ಹೆಚ್ಚುವರಿ ಅಂಕ, ಅದಕ್ಕಾಗಿ ಟ್ಯೂಷನ್ನು. ಸದರ್‌ಗೆ ಅಂಟಿಕೊಂಡ ಸಿವಿಲ್ ಲೈನ್ಸ್‌ನಲ್ಲಿ 1863ರಿಂದ ಕೇಂದ್ರ ವಸ್ತುಸಂಗ್ರಹಾಲಯವಿದೆ, ಊರವರ ಬಾಯಲ್ಲಿ ಅಜಬ್ ಬಂಗ್ಲಾ. ಅಲ್ಲಿನ ಕಲ್ಲಿನ ಶಿಲ್ಪದ ಮುಂದೆ ಸ್ಕೆಚ್‌ಪುಸ್ತಕ ಬಿಡಿಸಿ ಕೂರದ ಕೈಯ ಪರವಾಗಿ ಇಷ್ಟು ಶೋಕಿಸುವುದು ನ್ಯಾಯವಲ್ಲ. ಯಾಂತ್ರಿಕತೆ ಯಂತ್ರಕ್ಕಿಂತ ಮುಂಚೆಯೇ ಡ್ರಾಯಿಂಗ್ ಪೀರಿಯಡ್‌ಗೆ ಬಂದಿತ್ತು. ಅದನ್ನು ಮುಚ್ಚಿಟ್ಟು ಕಂಪ್ಯೂಟರನ್ನು ದೂರುವ ವಿಮರ್ಶೆ, ಟಿಕ್ ಹಾಕಿಸುವ ಸಂಶೋಧನೆಯಷ್ಟೇ ಮಗುವಿನ ಚಿತ್ರದಿಂದ ದೂರ ನಿಂತಿದೆ.

ಕೇರಳದ ಐಸಿಟಿ ಪಠ್ಯಪುಸ್ತಕ ಇಂಕ್‌ಸ್ಕೇಪನ್ನು ಹೈಸ್ಕೂಲಿಗೆ ತಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮುಂದೆಯೂ ಅದಿದೆ. ನಾಗಪುರದಿಂದಾಗಲಿ ಮೈಸೂರಿನಿಂದಾಗಲಿ ಒಬ್ಬ ಸಂಶೋಧಕಿ ಅಲ್ಲಿಗೆ ಹೋಗಲಿ. ಕಂಪ್ಯೂಟರ್ ಲ್ಯಾಬಿಗೆ ಚಿತ್ರಕಲಾ ಶಿಕ್ಷಕರನ್ನೂ ಕರೆದು ಕೂರಿಸಿ, ಒಂದು ತರಗತಿ ದಾಸವಾಳದ ಐದನೆಯ ಎಸಳನ್ನು ಹೇಗೆ ಕೂಡಿಸಿತು, ಯಾರು ಎಲ್ಲಿ ಕೈಬಿಟ್ಟರು, ಯಾರು ಹೂವಿನ ಕಡೆ ಮತ್ತೆ ನೋಡಿದರು ಎಂದು ಚಿತ್ರಗಳ ಸಮೇತ ಬರೆಯಲಿ. ಅದರಲ್ಲಿ ಒಂದು ಕೋಷ್ಟಕ ಇಲ್ಲದಿದ್ದರೂ ಪದವಿ ಕೊಡಬೇಕೆಂದು ನಾನು ವಾದಿಸುತ್ತೇನೆ.