ಹೊಸದರಂತೆ ಕಾಣುವ ಹಳೆಯ ಗಾಜು

ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗ್ರಂಥಾಲಯಕ್ಕೆ ಹೋದವರು ಬಣ್ಣದ ಗಾಜಿನ ಕಿಟಕಿಗಳ ಮುಂದೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಕಳೆದ ದಶಕದಲ್ಲಿ ಅವು ದುರಸ್ತಿಯಾದವು. ಇಂಥ ಕೆಲಸಕ್ಕೆ ನಾವು ಕೊಡುವ ದೊಡ್ಡ ಹೊಗಳಿಕೆ, 'ಹೊಸದರಂತೆ ಕಾಣುತ್ತದೆ' ಎಂಬುದು. ನನ್ನ ತಕರಾರು ಈ ಹೊಗಳಿಕೆಯ ಬಗ್ಗೆ.

ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ಕತ್ತೆತ್ತಿ ನವಿಲುಗಳನ್ನು ನೋಡಿದ ನಮಗೆ ಗಾಜಿನ ಬಣ್ಣ ನೆನಪಿರುತ್ತದೆ, ಗಾಜನ್ನು ಹಿಡಿದಿರುವ ಲೋಹ ನೆನಪಿರುವುದಿಲ್ಲ. ಸಾಂಪ್ರದಾಯಿಕ ಕಿಟಕಿಯಲ್ಲಿ ಗಾಜಿನ ತುಂಡುಗಳನ್ನು ಸೀಸದ ತೋಡುಪಟ್ಟಿಗಳಲ್ಲಿ ಕೂರಿಸಿ, ಸಂದುಗಳಿಗೆ ಬೆಸುಗೆ ಹಾಕುತ್ತಾರೆ. ಗಾಜು ಶತಮಾನಗಳ ಕಾಲ ಬಾಳುತ್ತದೆ, ಸೀಸ ದಣಿಯುತ್ತದೆ. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಕೊನೆಗೆ ಇಡೀ ಕಿಟಕಿ ಉಬ್ಬುತ್ತದೆ. ಆಗ ಕಾಗದವಿಟ್ಟು ಉಜ್ಜಿ ಗೆರೆಗಳ ಅಚ್ಚು ತೆಗೆದುಕೊಂಡು, ಬಿಚ್ಚಿ, ಹೊಸ ಸೀಸದಲ್ಲಿ ಕಟ್ಟಬೇಕು. ಇಲ್ಲಿಯವರೆಗೆ ವಿವಾದವಿಲ್ಲ.

ವಿವಾದ ಹುಟ್ಟುವುದು ಒಡೆದ ಚೂರಿನಿಂದ. ಬಿರುಕಿನ ಮೇಲೆ ಸೀಸದ ಪಟ್ಟಿ ಕೂರಿಸಿದರೆ ಗಟ್ಟಿ, ಆದರೆ ಚಿತ್ರದ ಮುಖಕ್ಕೆ ಇಲ್ಲದ ಗೆರೆ ಬೀಳುತ್ತದೆ. ಅಂಚಿಗೆ ಅಂಟು ಹಾಕಿದರೆ ಬಿರುಕು ಕೂದಲೆಳೆಯಷ್ಟೇ ಕಾಣುತ್ತದೆ, ಆದರೆ ಅಂಟಿಗೆ ಗಾಜಿನಷ್ಟು ಆಯುಸ್ಸಿಲ್ಲ. ಚೂರನ್ನೇ ತೆಗೆದು ಹೊಸದನ್ನು ಬರೆದು, ಸುಟ್ಟು ಕೂರಿಸಿದರೆ ಕಣ್ಣಿಗೆ ಹಿತ. ಆದರೆ ಮೊದಲು ಬರೆದವನ ಕೈ ಅಲ್ಲಿಂದ ಹೋಯಿತು.

ಈ ಜಗಳ ಹಳೆಯದು. 1877ರಲ್ಲಿ ವಿಲಿಯಂ ಮಾರಿಸ್ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು, ಇಂಗ್ಲೆಂಡಿನ ಹಳೆಯ ಚರ್ಚುಗಳನ್ನು 'ಸರಿಮಾಡುತ್ತಿದ್ದ' ವಾಸ್ತುಶಿಲ್ಪಿಗಳ ಮೇಲಿನ ಸಿಟ್ಟಿನಿಂದ. ಆ ಸಿಟ್ಟಿಗೆ ಮುಖ್ಯವಾಗಿ ಗುರಿಯಾದವರು ಜಾರ್ಜ್ ಗಿಲ್ಬರ್ಟ್ ಸ್ಕಾಟ್. ರಾಜಾಬಾಯಿ ಗೋಪುರದ ವಿನ್ಯಾಸ ಅವರದೇ. ಮುಂಬಯಿಗೆ ಎಂದೂ ಬಾರದ ಅವರು 1878ರಲ್ಲಿ ತೀರಿಕೊಂಡರು. ಗೋಪುರ ಮುಗಿದದ್ದೂ ಅದೇ ವರ್ಷ. ಹಳೆಯದನ್ನು ತಿದ್ದಿದವರ ಕೃತಿಯೇ ಈಗ ಹಳೆಯದಾಗಿ ತಿದ್ದುವವರ ಕೈಗೆ ಬಂದಿದೆ.

ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ಓಲೆಗರಿಯಲ್ಲಿ ಅಕ್ಷರ ಮುರಿದಿದ್ದರೆ ಸಂಪಾದಕ ಊಹಿಸಿ ತುಂಬಬಹುದು. ಆದರೆ ಊಹೆಯನ್ನು ಕಂಸದಲ್ಲಿಡುತ್ತಾನೆ, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಡಿ.ಎಲ್. ನರಸಿಂಹಾಚಾರ್ 'ಕನ್ನಡ ಗ್ರಂಥ ಸಂಪಾದನೆ' ಬರೆದ ಭಾಷೆ ನಮ್ಮದು. ಕವಿಯ ಸಾಲಿಗೆ ಸಲ್ಲುವ ಈ ಮರ್ಯಾದೆ ಹೆಸರಿಲ್ಲದ ಗಾಜುಗಾರನಿಗೆ ಏಕೆ ಸಲ್ಲಬಾರದು?

ಎಲ್ಲ ಬಿರುಕುಗಳೂ ಎದ್ದು ಕಾಣಲಿ ಎಂಬ ಹಟ ನನಗಿಲ್ಲ. ಓದುವ ಮೇಜಿನ ಮೇಲೆ ಬೀಳುವ ಬೆಳಕಿಗೂ ಹಕ್ಕಿದೆ. ಆದರೆ ಬದಲಿಸಿದ ಚೂರಿನ ಮೂಲೆಯಲ್ಲಿ ಪುಟ್ಟದಾಗಿ ಇಸವಿ ಬರೆಯಲಿ, ಉಜ್ಜಿ ತೆಗೆದ ಅಚ್ಚುಗಳನ್ನು ಅದೇ ಗ್ರಂಥಾಲಯದ ಕಪಾಟಿನಲ್ಲಿಡಲಿ. ಕಿಟಕಿಯನ್ನು ನೋಡಿದವರು ಅದರ ಅಡಿಟಿಪ್ಪಣಿಯನ್ನೂ ಓದುವಂತಾಗಲಿ.