ಡಾಲ್ಫಿನ್: ಓಟದಲ್ಲಿ ಗೆದ್ದ ಕಾರು ಬೀದಿಯಲ್ಲಿ ಸೋತದ್ದೇಕೆ?

ಯಶವಂತಪುರದ ಬಳಿ, ತುಮಕೂರು ರಸ್ತೆಯ ಕೈಗಾರಿಕಾ ಉಪನಗರದಲ್ಲಿ 1980ರ ದಶಕದಲ್ಲಿ ಸಿಪಾನಿ ಸಂಸ್ಥೆ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸುತ್ತಿತ್ತು. ಇದರ ಮೂಲ ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ 1975ರ ಕಿಟನ್. ಸಿಮಿಟರ್ ಎಂಬ ಸ್ಪೋರ್ಟ್ಸ್ ಕಾರಿಗೆ ಹೆಸರಾಗಿದ್ದ ರಿಲಯಂಟ್, ಅದಕ್ಕೆ ಬಳಸಿದ ಗಾಜಿನ ನಾರನ್ನೇ ಕಿಟನ್ನಿನ ಮೈಗೂ ಬಳಸಿತ್ತು. ಸಂಸಾರಕ್ಕೆಂದು ತಂದ ಡಾಲ್ಫಿನ್ ನಮ್ಮಲ್ಲಿ ಹೆಸರು ಮಾಡಿದ್ದು ಮಾತ್ರ ರ್‍ಯಾಲಿಗಳಲ್ಲಿ ಮತ್ತು ಮದರಾಸಿನ ಬಳಿಯ ಶೋಲಾವರಂ ಓಟದಲ್ಲಿ.

ಕಾರಣ ಸರಳ. ಕಿಟನ್ನಿನ 848 ಘನ ಸೆಂ.ಮೀ. ಅಲ್ಯೂಮಿನಿಯಂ ಎಂಜಿನ್ನಿನ ಸಾಮರ್ಥ್ಯ ಸುಮಾರು 40 ಅಶ್ವಶಕ್ತಿ. ಕಾರಿನ ರಾಶಿ ಸುಮಾರು 525 ಕಿ.ಗ್ರಾಂ. ಪ್ರೀಮಿಯರ್ ಪದ್ಮಿನಿಯದೂ ಸುಮಾರು 40 ಅಶ್ವಶಕ್ತಿಯೇ, ಆದರೆ ಅದರ ರಾಶಿ 900 ಕಿ.ಗ್ರಾಂಗೆ ಹತ್ತಿರ. ಟನ್ನಿಗೆ ಲೆಕ್ಕ ಹಾಕಿದರೆ ಒಂದಕ್ಕೆ 76, ಇನ್ನೊಂದಕ್ಕೆ 45 ಅಶ್ವಶಕ್ತಿ.

ಹಗುರ ಕಾರು ತಿರುವಿನಲ್ಲೂ ಹೆಚ್ಚು ವೇಗವಾಗಿ ಹೋಗುತ್ತದೆ ಎಂದು ಹಲವರು ಹೇಳುವುದುಂಟು. ಇದನ್ನು ತರಗತಿಯಲ್ಲಿ ಪರೀಕ್ಷಿಸಿ. ತಿರುಗಲು ಬೇಕಾದ ಕೇಂದ್ರಾಭಿಮುಖ ಬಲವೂ ಟೈರು ಕೊಡುವ ಘರ್ಷಣೆಯೂ ರಾಶಿಗೆ ಅನುಪಾತದಲ್ಲಿರುವುದರಿಂದ, ಸಮೀಕರಣದಲ್ಲಿ ರಾಶಿ ಹೆಚ್ಚುಕಡಿಮೆ ಹೊಡೆದುಹೋಗುತ್ತದೆ! ಹಗುರ ಕಾರಿನ ನಿಜವಾದ ಲಾಭ ತಿರುವು ಮುಗಿದ ಮೇಲೆ, ಮತ್ತೆ ವೇಗ ಪಡೆಯುವಾಗ. ಬ್ರೇಕು ಶಾಖವಾಗಿಸಬೇಕಾದ ಚಲನಶಕ್ತಿಯೂ ಕಡಿಮೆ.

ಆದರೆ ಓಟದ ಕಾರಿನಲ್ಲಿ ಚಾಲಕನೊಬ್ಬನೇ ಕೂರುತ್ತಾನೆ. ಡಾಲ್ಫಿನ್‌ನಲ್ಲಿ ನಾಲ್ವರು ಕೂತರೆ ಸುಮಾರು 260 ಕಿ.ಗ್ರಾಂ, ಅಂದರೆ ಕಾರಿನ ಅರ್ಧದಷ್ಟು, ಸೇರುತ್ತದೆ. ಟನ್ನಿಗೆ 76 ಇದ್ದದ್ದು 51ಕ್ಕೆ ಇಳಿಯುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗು ಖಾಲಿ ಕಾರಿಗೂ ತುಂಬಿದ ಕಾರಿಗೂ ಒಂದೇ. ತುಂಬಿದಾಗ ತಗ್ಗದಷ್ಟು ಬಿಗಿ ಮಾಡಿದರೆ ಖಾಲಿಯಿದ್ದಾಗ ಕುಪ್ಪಳಿಸುತ್ತದೆ. ಬಾಗಿಲು ಬೇರೆ ಎರಡೇ! ಅಜ್ಜಿ ಹಿಂದಿನ ಸೀಟಿಗೆ ಹೋಗುವುದು ಹೇಗೆಂದು ವಿನ್ಯಾಸಕಾರರು ಯೋಚಿಸಿದಂತಿಲ್ಲ.

ನನ್ನ ಮುಖ್ಯ ಆಕ್ಷೇಪ ಇದಲ್ಲ. ಗಾಜಿನ ನಾರು ತುಕ್ಕು ಹಿಡಿಯದು, ದುಬಾರಿ ಒತ್ತುಯಂತ ಬೇಡದು. ಕೆಲವೇ ಕಾರುಗಳನ್ನು ಮಾಡುವವರಿಗೆ ಅದು ವರ. ಆದರೆ ನಾರಿನ ಹಾಸನ್ನು ಅಚ್ಚಿನಲ್ಲಿ ಹರಡಿ, ರಾಳ ಸವರಿ, ಗಟ್ಟಿಯಾಗುವವರೆಗೆ ಕಾಯಬೇಕು. ಉಕ್ಕಿನ ಹಾಳೆ ಒತ್ತುಯಂತದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಆಕಾರ ಪಡೆಯುತ್ತದೆ. 1983ರ ಡಿಸೆಂಬರಿನಲ್ಲಿ ಬಂದ, 796 ಘನ ಸೆಂ.ಮೀ. ಎಂಜಿನ್ನಿನ, ಉಕ್ಕಿನ ಮಾರುತಿ 800 ಈ ಅಂತರವನ್ನು ಬಯಲು ಮಾಡಿತು. ಅದು ಡಾಲ್ಫಿನ್‌ಅನ್ನು ಸೋಲಿಸಿದ್ದು ಪಥದಲ್ಲಲ್ಲ, ಕಾರ್ಖಾನೆಯ ಒಳಗೆ.

ನಂತರ ಬಂದ ಸಿಪಾನಿ ಮೊಂಟಾನಾಕ್ಕೆ ನಾಲ್ಕು ಬಾಗಿಲುಗಳಿದ್ದವು. ಮೈ ಮಾತ್ರ ಅದೇ ನಾರು ಮತ್ತು ರಾಳದ್ದು.