ಕೊಂಬಿನ ಸುರುಳಿ, ಕಾನೂನಿನ ಅಳತೆ

ಅಮೆರಿಕದ ಅಲಾಸ್ಕಾದಲ್ಲಿ ಡಾಲ್ ಎಂಬ ಬಿಳಿಯ ಕಾಡುಟಗರನ್ನು ಬೇಟೆಯಾಡುವವನು ಮೊದಲು ಅದರ ಕೊಂಬನ್ನು ಪರೀಕ್ಷಿಸಬೇಕು. ಪೂರ್ಣ ಸುರುಳಿಯ ನಿಯಮವಿರುವಲ್ಲಿ ಪಕ್ಕದಿಂದ ನೋಡಿದಾಗ ಒಂದು ಕೊಂಬಾದರೂ 360 ಡಿಗ್ರಿಯ ವೃತ್ತವನ್ನು ಪೂರೈಸಿರಬೇಕು. ಇಲ್ಲವೇ ಎರಡೂ ಕೊಂಬುಗಳ ತುದಿ ಮುರಿದಿರಬೇಕು. ಅದೂ ಇಲ್ಲವಾದರೆ ಕೊಂಬಿನ ವಾರ್ಷಿಕ ಬಳೆಗಳು ಕನಿಷ್ಠ 8 ವರ್ಷದ ವಯಸ್ಸನ್ನು ತೋರಬೇಕು. ಇವುಗಳಲ್ಲಿ ಒಂದಿದ್ದರೆ ವಧೆ ಕಾನೂನುಬದ್ಧ.

ಈ ನಿಯಮದ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ಎಳೆಯ ಟಗರುಗಳಿಗೆ ಅದು ರಕ್ಷಣೆ. ಆದರೆ ದೋಷವೂ ಅಳತೆಯಲ್ಲಿಯೇ ಅಡಗಿದೆ. ಕೆನಡಾದ ಆಲ್ಬರ್ಟಾ ಪ್ರಾಂತದ ರ‍್ಯಾಮ್ ಪರ್ವತದಲ್ಲಿ ಬಿಗ್‌ಹಾರ್ನ್ ಟಗರುಗಳಿಗೆ ಸುರುಳಿಯ ಐದರಲ್ಲಿ ನಾಲ್ಕು ಭಾಗವೇ ಮಿತಿಯಾಗಿತ್ತು. ಬೇಗ ಬೆಳೆಯುವ ಕೊಂಬುಳ್ಳ ಅನೇಕ ಟಗರುಗಳು ಸಂತಾನ ಪಡೆಯುವ ಮುನ್ನವೇ ಹತವಾದವು. ತಲೆಮಾರುಗಳು ಕಳೆದಂತೆ ಅಲ್ಲಿಯ ಕೊಂಬುಗಳು ಕಿರಿದಾದುದನ್ನು ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು.

ಜೈನದೃಷ್ಟಿಯ ಆಕ್ಷೇಪ ಇನ್ನೂ ಮೂಲಭೂತವಾದುದು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪುವುದಿಲ್ಲ. ಆದರೆ ಸಂಕಲ್ಪೀ ಹಿಂಸೆ ಅವನಿಗೂ ತ್ಯಾಜ್ಯ. ದುರ್ಬೀನಿನಲ್ಲಿ ನೋಡಿ, ಬಳೆಗಳನ್ನೆಣಿಸಿ, ಸಂದೇಹ ಕಳೆದ ಬಳಿಕ ಕೊಲ್ಲುವುದಕ್ಕಿಂತ ಸ್ಪಷ್ಟವಾದ ಸಂಕಲ್ಪ ಯಾವುದು? ಕಾನೂನು ಎಚ್ಚರಿಕೆಯೆಂದು ಮೆಚ್ಚುವುದೇ ಇಲ್ಲಿ ದೋಷವನ್ನು ಗಾಢಗೊಳಿಸುತ್ತದೆ.

ಲೆಕ್ಕ ಸರಿಹೊಂದಿದ ಮಾತ್ರಕ್ಕೆ ವ್ಯಾಪಾರ ಧರ್ಮವಾಗದು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಶ್ರಾವಕನು ತೂಗಬೇಕು. ಪರವಾನಗಿ ಪಡೆದ ಹಿಂಸೆಯ ಲಾಭ ದಾನವಾಗಿ ಬಂದಾಗ, ಅದನ್ನು ಸ್ವೀಕರಿಸುವ ಮುನ್ನ ಬಸದಿಯ ಟ್ರಸ್ಟುಗಳೂ ಇದನ್ನು ಚಿಂತಿಸುವುದು ಯುಕ್ತ.